ವೇದಿಕೆಗೆ ಬೆನ್ನು ಹಾಕಿ ಓಡುವವರು

ರಾಜಕಾರಣಿಗಳು ಕ್ರೀಡೆಗೆ ಪ್ರೋತ್ಸಾಹ ಕೊಡುವುದಿಲ್ಲ ಎಂದು ದೂರುವವರು ಜನವರಿಯಿಂದ ಮೇ ತಿಂಗಳೊಳಗೆ ಒಮ್ಮೆ ಶಿರಸಿಯಿಂದ ಸಿದ್ದಾಪುರಕ್ಕೋ ಯಲ್ಲಾಪುರಕ್ಕೋ ಬಸ್ಸಿನಲ್ಲಿ ಹೋಗಿ ಬರಬೇಕು. ಕಿಟಕಿ ಪಕ್ಕದ ಸೀಟು ಸಿಕ್ಕರೆ ಸಾಕು. ತಿರುವಿಗೊಂದು ಬ್ಯಾನರ್. ಹೊನಲು ಬೆಳಕಿನ ವಾಲಿಬಾಲ್, ಪುರುಷರ ಮ್ಯಾಟ್ ಕಬಡ್ಡಿ, ಅಂಡರ್ ಆರ್ಮ್ ಕ್ರಿಕೆಟ್, ಹಗ್ಗಜಗ್ಗಾಟ. ಎಲ್ಲ ಬ್ಯಾನರಿನ ವಿನ್ಯಾಸವೂ ಒಂದೇ. ಮೇಲೆ ಗ್ರಾಮದೇವರು. ಅದಕ್ಕಿಂತ ದೊಡ್ಡದಾಗಿ ಸಾಹೇಬರು, ಕೈ ಮುಗಿದುಕೊಂಡು. ಸಾಹೇಬರ ಸುತ್ತ ಅಭಿಮಾನಿ ಬಳಗದವರು, ಪಾಸ್‌ಪೋರ್ಟ್ ಸೈಜಿನಲ್ಲಿ. ಕೆಳಗೆ ಪ್ರಥಮ, ದ್ವಿತೀಯ ಬಹುಮಾನದ ನಗದು ಮತ್ತು ‘ಆಕರ್ಷಕ ಟ್ರೋಫಿ’. ಮೂಲೆಯಲ್ಲಿ ಒಂದು ಚೆಂಡು. ಆಟಗಾರನ ಚಿತ್ರವೇನಾದರೂ ಇದ್ದರೆ ಅದು ಬ್ರೆಜಿಲ್ಲಿನವನದೋ ಮುಂಬೈಯವನದೋ ಆಗಿರುತ್ತದೆ. ಊರಿನ ಹುಡುಗರ ಮುಖ ಊರಿಗೆ ಗೊತ್ತೇ ಇರುವುದರಿಂದ ಅದಕ್ಕೆ ದುಡ್ಡು ದಂಡ ಮಾಡುವುದಿಲ್ಲ.

ಪ್ರೋತ್ಸಾಹ ಇಲ್ಲ ಎನ್ನುವುದು ಹಾಗಾಗಿ ಶುದ್ಧ ಸುಳ್ಳು. ಇರುವ ಪ್ರೋತ್ಸಾಹ ಯಾವ ಆಟಕ್ಕೆ ಎಷ್ಟು ಎನ್ನುವುದಷ್ಟೇ ಪ್ರಶ್ನೆ. ಅದಕ್ಕೊಂದು ಗಟ್ಟಿ ಲೆಕ್ಕಾಚಾರವಿದೆ. ಯಾವ ಸರ್ಕಾರಿ ಆದೇಶದಲ್ಲೂ ಅದು ಅಚ್ಚಾಗಿಲ್ಲ, ಆದರೆ ಎಲ್ಲ ಪಕ್ಷದವರಿಗೂ ಬಾಯಿಪಾಠ.

ಕ್ರಿಕೆಟ್ ತೆಗೆದುಕೊಳ್ಳಿ. ಉದ್ಘಾಟನೆಗೆ ಬಂದ ಸಾಹೇಬರು ಬಿಳಿ ಅಂಗಿಯ ತೋಳು ಮಡಚಿ ಬ್ಯಾಟು ಹಿಡಿಯುತ್ತಾರೆ. ಯುವ ಘಟಕದ ಅಧ್ಯಕ್ಷ ಬಾಲು ಹಾಕುತ್ತಾನೆ. ಅಷ್ಟು ವಿನಯವಂತ ಬಾಲು ಕ್ರಿಕೆಟ್ಟಿನ ಇತಿಹಾಸದಲ್ಲೇ ಇಲ್ಲ. ಅದು ನೆಲ ಮುಟ್ಟಿ, ಒಂದು ಕ್ಷಣ ನಿಂತು, ಹೊಡೆಯಿರಿ ಎಂದು ತಾನೇ ಕೇಳಿಕೊಳ್ಳುತ್ತದೆ. ಇಲ್ಲಿ ಸಾಹೇಬರು ಔಟಾದ ದಾಖಲೆಯಿಲ್ಲ. ಔಟಾದರೂ ಅದು ಐದು ವರ್ಷಕ್ಕೊಮ್ಮೆ, ಬೇರೆ ಪಿಚ್ಚಿನಲ್ಲಿ. ವೀಕ್ಷಕ ವಿವರಣೆಕಾರ ಮೈಕಿನಲ್ಲಿ ಸಾಹೇಬರ ಹೊಡೆತವನ್ನು ಸಿಕ್ಸರ್ ಎಂದು ಘೋಷಿಸುತ್ತಾನೆ, ಯೂಟ್ಯೂಬ್ ಲೈವ್‌ನಲ್ಲಿ ಮುನ್ನೂರು ಜನ ನೋಡುತ್ತಾರೆ. ಪಂದ್ಯ ಮೂರು ದಿನ. ಮೂರು ದಿನವೂ ಓವರಿಗೊಮ್ಮೆ ಪ್ರಾಯೋಜಕರ ಹೆಸರು.

ಕಬಡ್ಡಿಗೂ ಒಳ್ಳೆಯ ಅಂಕ. ಎರಡು ತಂಡ ಸಾಲಾಗಿ ನಿಂತಿರುತ್ತದೆ, ಹದಿನಾಲ್ಕು ಕೈ ಕುಲುಕಬಹುದು, ಹದಿನಾಲ್ಕು ಮನೆಗೆ ಸುದ್ದಿ ಹೋಗುತ್ತದೆ. ಎದುರಾಳಿಯ ಅಂಗಳಕ್ಕೆ ನುಗ್ಗುವುದು, ಮುಟ್ಟಿ ಓಡಿಬರುವುದು, ಕಾಲು ಹಿಡಿದು ಎಳೆಯುವುದು, ಔಟಾದವನು ಮತ್ತೆ ಜೀವ ಪಡೆದು ಒಳಬರುವುದು, ಇದೆಲ್ಲ ನಮ್ಮ ನಾಯಕರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಆಡುವವನಿಗೆ ಒಂದು ರೈಡಿಗೆ 30 ಸೆಕೆಂಡು. ಆಡಿಸುವವರಿಗೆ ಆ ಕಟ್ಟಳೆಯಿಲ್ಲ. ರಾಜಸ್ಥಾನದ ಕಾಂಗ್ರೆಸ್ ನಾಯಕ ಜನಾರ್ದನ ಸಿಂಗ್ ಗೆಹ್ಲೋತ್ 1984ರಲ್ಲಿ ಭಾರತೀಯ ಅಮೆಚೂರ್ ಕಬಡ್ಡಿ ಒಕ್ಕೂಟದ ಅಧ್ಯಕ್ಷಗಿರಿಗೆ ರೈಡ್ ಹೋದವರು 2013ರವರೆಗೆ ಉಸಿರು ಬಿಡಲಿಲ್ಲ. ಆಮೇಲೆ ಬಿಟ್ಟರು, ಹೆಂಡತಿ ಆ ಜಾಗಕ್ಕೆ ಬಂದರು. ಕೊನೆಗೆ 2018ರ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟ್ ಸೀಟಿ ಊದಬೇಕಾಯಿತು. ಅದೇ ತಿಂಗಳು ಜಕಾರ್ತಾದ ಏಷ್ಯನ್ ಗೇಮ್ಸ್ ಸೆಮಿಫೈನಲ್ಲಿನಲ್ಲಿ ಭಾರತದ ಪುರುಷರು ಇರಾನಿಗೆ ಸೋತರು. 1990ರಿಂದ ಒಂದನ್ನೂ ಬಿಡದೆ ಗೆದ್ದ ಚಿನ್ನ ಮೊದಲ ಸಲ ಕೈತಪ್ಪಿತು. ಎರಡಕ್ಕೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಇರಾನಿನವರು ಚೆನ್ನಾಗಿ ಆಡಿದರು, ಅಷ್ಟೆ.

ವಾಲಿಬಾಲ್ ನಮ್ಮ ಕಡೆಯ ಕುಲದೇವರು. ಅಡಿಕೆ ಒಣಗಿಸುವ ಅಂಗಳ ಖಾಲಿಯಾದ ಸಂಜೆ ಎರಡು ಕಂಬ ನೆಟ್ಟು ನೆಟ್ ಕಟ್ಟಿದರಾಯಿತು, ಯಾವ ಸರ್ಕಾರದ ಹಂಗೂ ಇಲ್ಲ. ಹಂಗಿಲ್ಲದ್ದೇ ಅದರ ದೋಷ. ಹಾಗಾಗಿ ಅದಕ್ಕೆ ಹೊನಲು ಬೆಳಕು ಬೇಕಾಯಿತು, ಬೆಳಕಿಗೆ ಜನರೇಟರ್ ಬೇಕಾಯಿತು, ಜನರೇಟರಿಗೆ ಸಾಹೇಬರು ಬೇಕಾದರು.

ಬನವಾಸಿ ಸೀಮೆಯತ್ತ ಹೋದರೆ ದೀಪಾವಳಿಯಿಂದಾಚೆ ಹೋರಿ ಬೆದರಿಸುವ ಹಬ್ಬ. ಮೈತುಂಬ ಕೊಬ್ಬರಿ ಹಾರ, ಕೊಂಬಿಗೆ ಬಲೂನು, ಹೋರಿಗೊಂದು ಬಿರುದು, ಹೋರಿಗೊಂದು ಅಭಿಮಾನಿ ಬಳಗ. ಹೋರಿಗೆ ಓಟಿಲ್ಲ, ಬಳಗಕ್ಕಿದೆ. ಕರಾವಳಿಯ ಕಂಬಳದ ಕೋಣಕ್ಕೂ ಇದೇ ಅನುಕೂಲ. ನಮ್ಮ ಶಾಸಕಾಂಗ ಕ್ರೀಡೆಗಾಗಿ ಪಕ್ಷಭೇದ ಮರೆತು ತುರ್ತಾಗಿ ಕೆಲಸ ಮಾಡಿದ ಉದಾಹರಣೆ ಕೇಳಿದರೆ ನಾನು 2017ರದನ್ನು ಹೇಳುತ್ತೇನೆ. ಕಂಬಳಕ್ಕೆ ಕುತ್ತು ಬಂದಾಗ ಪ್ರಾಣಿಹಿಂಸೆ ತಡೆ ಕಾಯ್ದೆಗೇ ತಿದ್ದುಪಡಿಯಾಯಿತು, ದೆಹಲಿಯಿಂದ ಅಂಕಿತ ಬಿತ್ತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವೂ ಸರಿ ಎಂದಿತು. ಆ ವರ್ಷದ ನವೆಂಬರಿನಲ್ಲಿ ಕೋಣಗಳು ಬೆಂಗಳೂರಿನ ಅರಮನೆ ಮೈದಾನಕ್ಕೇ ಬಂದು ಮುಖ್ಯಮಂತ್ರಿಗಳಿಗೆ ದರ್ಶನ ಕೊಟ್ಟವು. ನಾಲ್ಕು ಕಾಲಿದ್ದರೆ ಕೆಲಸ ಬೇಗ ಆಗುತ್ತದೆ.

ಇನ್ನು ಎರಡು ಕಾಲಿನ ಓಟಕ್ಕೆ ಬರೋಣ.

ನಮ್ಮ ಶಾಲಾ ಕ್ರೀಡಾಕೂಟಗಳು ವಲಯ ಮಟ್ಟ, ತಾಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಮೆಟ್ಟಿಲು ಹತ್ತುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ. ಇಡೀ ರಾಜ್ಯಕ್ಕೆ ಒಂದೇ ವೇಳಾಪಟ್ಟಿ. ಅದನ್ನು ಮಾಡಿದವರು ಶಿರಸಿಯ ಶ್ರಾವಣ ಕಂಡವರಲ್ಲ. ಬಯಲುಸೀಮೆಯ ಹುಡುಗ ಧೂಳೆಬ್ಬಿಸಿ ಓಡುವ ಹೊತ್ತಿಗೆ ನಮ್ಮವನು ಕೆಸರಿನಲ್ಲಿ ಕಾಲು ಹುಡುಕಿಕೊಂಡು ಓಡುತ್ತಾನೆ. ಸುಣ್ಣದಲ್ಲಿ ಎಳೆದ ಗೆರೆ ಮೊದಲ ಹೀಟ್ಸ್ ಮುಗಿಯುವುದರೊಳಗೆ ಚರಂಡಿ ಸೇರಿರುತ್ತದೆ. ಒಳಗಿನ ಲೇನು ಯಾವುದು, ಹೊರಗಿನದು ಯಾವುದು ಎಂಬುದು ಆತ್ಮಸಾಕ್ಷಿಗೆ ಬಿಟ್ಟದ್ದು. ಅಷ್ಟರ ಮೇಲೂ ಗೆದ್ದವನು ಮುಂದಿನ ಮಟ್ಟಕ್ಕೆ ಹೋಗಿ, ಒಣ ಮೈದಾನ ಕಂಡು ಕಕ್ಕಾಬಿಕ್ಕಿಯಾಗುತ್ತಾನೆ. ಮಕ್ಕಳು ಕಡಿಮೆಯಿರುವ ಕಾಡಂಚಿನ ಶಾಲೆಗಳಿಗೆ ದೈಹಿಕ ಶಿಕ್ಷಕರ ಹುದ್ದೆಯೇ ಇಲ್ಲವಾದ್ದರಿಂದ ಕನ್ನಡ ಮಾಸ್ತರರೇ ಸೀಟಿ ಕಟ್ಟಿಕೊಂಡಿರುತ್ತಾರೆ.

ಇಂಥ ಒಬ್ಬ ಮಾಸ್ತರರು ಒಂದು ಬೇಡಿಕೆ ಹಿಡಿದು ಸಾಹೇಬರ ಮನೆಗೆ ಹೋದರೆಂದು ಇಟ್ಟುಕೊಳ್ಳಿ.

“ಸಾಹೇಬ್ರೆ, ಲಾಂಗ್ ಜಂಪಿನ ಹೊಂಡಕ್ಕೆ ಒಂದು ಲಾರಿ ಮರಳು ಬೇಕಾಗಿತ್ತು.”

“ಮರಳಾ? ಮನೆ ಕಟ್ಟೋರಿಗೇ ಸಿಗ್ತಾ ಇಲ್ಲ ಮಾಸ್ತರೆ. ಬೇರೆ ಏನಾದ್ರೂ ಹೇಳಿ. ಹುಡುಗ್ರಿಗೆ ಟೀ ಶರ್ಟ್ ಕೊಡ್ಸಲಾ? ಬೆನ್ನಿಗೆ ಹೆಸರು ಹಾಕ್ಸುವ.”

“ಯಾರ ಹೆಸರು?”

ಸಾಹೇಬರು ನಕ್ಕರು. ಮಾಸ್ತರರಿಗೆ ಲೋಕಜ್ಞಾನ ಕಡಿಮೆ.

ಅಥ್ಲೆಟಿಕ್ಸಿನ ಮೂಲಭೂತ ದೋಷ ಇಷ್ಟೇ: ಅದು ರಾಜಕೀಯವಾಗಿ ಅಸಭ್ಯ. ಬಾವುಟ ಬೀಸಿದ ಕೂಡಲೇ ಎಲ್ಲರೂ ವೇದಿಕೆಗೆ ಬೆನ್ನು ಹಾಕಿ ಓಡಿಹೋಗುತ್ತಾರೆ. ನೂರು ಮೀಟರ್ ಹದಿಮೂರು ಸೆಕೆಂಡಿಗೆ ಮುಗಿದರೆ ಅದರ ನಡುವೆ ಯಾರನ್ನು ಸ್ವಾಗತಿಸುವುದು, ಯಾರಿಗೆ ಹಾರ ಹಾಕುವುದು? ವಂದನಾರ್ಪಣೆಗೆ ಉಸಿರು ತೆಗೆಯುವಷ್ಟರಲ್ಲಿ ಫಲಿತಾಂಶ ಬಂದಿರುತ್ತದೆ. ಹೋಗಲಿ, ಗೆದ್ದವನ ಹಿಂದೆ ತಂಡವುಂಟೇ, ಬಳಗವುಂಟೇ? ಒಬ್ಬಳು ಹುಡುಗಿ, ಅವಳ ಅವ್ವ, ಬರಿಗಾಲು. ಬಹುಪಾಲು ಸಲ ಅವಳಿಗೆ ಓಟು ಹಾಕುವ ವಯಸ್ಸೂ ಆಗಿರುವುದಿಲ್ಲ. ಇಂಥವಳ ಮೇಲೆ ಅನುದಾನ ಸುರಿದು, ಹತ್ತು ವರ್ಷ ಕಾದು, ಅವಳು ಪದಕ ತರುವಾಗ ಎದುರು ಪಕ್ಷದವನು ಗದ್ದುಗೆಯಲ್ಲಿ ಕುಳಿತು ಹಾರ ಹಾಕಿದರೆ ಯಾರಿಗೆ ಲಾಭ?

ಇದು ಊಹೆಯಲ್ಲ. ನಮ್ಮಲ್ಲಿ ಒಮ್ಮೆ ಪ್ರಯೋಗ ಮಾಡಿಯೇ ನೋಡಿದ್ದಾಗಿದೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡುಗಳಲ್ಲಿ ಸಿದ್ದಿಗಳು ಶತಮಾನಗಳಿಂದ ಇದ್ದಾರೆ. ಪೋರ್ಚುಗೀಸರೂ ಅರಬರೂ ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರ, ಸೈನಿಕರಾಗಿ ಬಂದವರ ಸಂತತಿ. ಕೊಂಕಣಿ, ಕನ್ನಡ, ಮರಾಠಿ ಮಾತಾಡಿಕೊಂಡು, ಅಡಿಕೆ ತೋಟದಲ್ಲಿ ಕೂಲಿ ಮಾಡಿಕೊಂಡು, ‘ಅತಿಕ್ರಮಣದಾರ’ ಎಂಬ ಹೆಸರು ಹೊತ್ತುಕೊಂಡು ಇದ್ದವರನ್ನು 1980ರ ದಶಕದಲ್ಲಿ ದೆಹಲಿ ಇದ್ದಕ್ಕಿದ್ದಂತೆ ಕಂಡುಹಿಡಿಯಿತು. ಆಗ ಕ್ರೀಡಾ ಖಾತೆಯ ರಾಜ್ಯ ಸಚಿವರು ನಮ್ಮದೇ ರಾಜ್ಯದ ಮಾರ್ಗರೆಟ್ ಆಳ್ವ. ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ‘ಸ್ಪೆಷಲ್ ಏರಿಯಾ ಗೇಮ್ಸ್’ ಎಂಬ ಯೋಜನೆಯಿತ್ತು. ಆದಿವಾಸಿಗಳಲ್ಲಿ ಬಿಲ್ಲುಗಾರರನ್ನು, ಗುಡ್ಡದವರಲ್ಲಿ ದೂರ ಓಡುವವರನ್ನು ಹುಡುಕುವುದು. ರಾಜಸ್ಥಾನದ ಲಿಂಬಾ ರಾಮ್ ಎಂಬ ಬಿಲ್ಲುಗಾರ ಸಿಕ್ಕಿದ್ದು ಅದರಿಂದಲೇ. ಸಿದ್ದಿಗಳ ವಿಷಯದಲ್ಲಿ ದೆಹಲಿಯ ತರ್ಕ ಇನ್ನೂ ಸರಳ: ಆಫ್ರಿಕಾದವರು ಒಲಿಂಪಿಕ್ಸಿನಲ್ಲಿ ಓಡಿ ಗೆಲ್ಲುತ್ತಾರೆ, ಸಿದ್ದಿಗಳು ಆಫ್ರಿಕಾ ಮೂಲದವರು, ಆದ್ದರಿಂದ ಯಲ್ಲಾಪುರದಲ್ಲಿ ಚಿನ್ನದ ಗಣಿಯಿದೆ. ಇದೇ ತರ್ಕ ಹಿಡಿದರೆ ಸಿದ್ದಾಪುರದ ಪ್ರತಿಯೊಬ್ಬನೂ ರಾಮಕೃಷ್ಣ ಹೆಗಡೆಯವರಂತೆ ಮುಖ್ಯಮಂತ್ರಿಯಾಗಬೇಕಿತ್ತು. ಅವರೂ ಅಲ್ಲಿಯವರೇ ತಾನೆ?

1987ರಲ್ಲಿ ಆಯ್ಕೆ ನಡೆಯಿತು. ಮಕ್ಕಳನ್ನು ಹಾಸ್ಟೆಲ್ಲಿಗೆ ಕರೆದೊಯ್ದರು, ಹೊಟ್ಟೆ ತುಂಬ ಊಟ, ಶೂ, ಕೋಚು. ಆಶ್ಚರ್ಯವೆಂದರೆ ತರ್ಕ ಪೆದ್ದಾದರೂ ಕೆಲಸ ಫಲ ಕೊಡತೊಡಗಿತು. ರಕ್ತದ ಮಹಿಮೆಯಿಂದಲ್ಲ, ಊಟ–ಶೂ–ಕೋಚಿನ ಮಹಿಮೆಯಿಂದ. ಹರ್ಡಲ್ಸ್ ದಾಟುತ್ತ ಕಮಲಾ ಬಾಬು ಸಿದ್ದಿ ರಾಷ್ಟ್ರಮಟ್ಟಕ್ಕೆ ಏರಿದರು. ಇನ್ನೂ ಕೆಲವರು ಪದಕ ತಂದರು, ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದರು. ಫಲ ಕಾಣಿಸಿಕೊಂಡರೆ ಯೋಜನೆಗೆ ಅಪಾಯ. 1993ರ ಹೊತ್ತಿಗೆ ಸಿದ್ದಿ ಯೋಜನೆ ನಿಂತುಹೋಯಿತು. ಬದುಕು ಅರ್ಧ ಓಡಿದ್ದ ಹದಿಹರೆಯದವರು ಟ್ರ್ಯಾಕಿನಿಂದ ನೇರ ಅಡಿಕೆ ತೋಟಕ್ಕೆ ವಾಪಸಾದರು. ಸಸಿ ನೆಟ್ಟು, ಸೊಪ್ಪು ಹಾಕಿ, ನೀರು ಹಾಯಿಸಿ, ಮೊದಲ ಹಿಂಗಾರ ಬಿಟ್ಟ ವರ್ಷವೇ ಅಡಿಕೆ ಮರ ಕಡಿದವನನ್ನು ನಮ್ಮ ಊರಿನಲ್ಲಿ ಹುಚ್ಚ ಎನ್ನುತ್ತಾರೆ. ದೆಹಲಿಯಲ್ಲಿ ಅದಕ್ಕೆ ಯೋಜನೆಯ ಪುನರ್ ಪರಿಶೀಲನೆ ಎಂಬ ಹೆಸರಿದೆ.

ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಮಜವಾಗಿದೆ. ಸಿದ್ದಿಗಳನ್ನು ಒಲಿಂಪಿಕ್ ಪದಕದ ಪಟ್ಟಿಗೆ ಸೇರಿಸಿದ್ದು 1987ರಲ್ಲಿ. ನಮ್ಮ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ದೇಶಕ್ಕಾಗಿ ಓಡಬಲ್ಲರು ಎಂಬುದು ಮೊದಲೇ ಹೊಳೆಯಿತು. ನಿಲ್ಲಲು ಒಂದಿಷ್ಟು ನೆಲ, ಒಂದು ಸರ್ಟಿಫಿಕೇಟು ಬೇಕು ಎಂಬುದು ಹೊಳೆಯಲು ಇನ್ನೂ ಹದಿನಾರು ವರ್ಷ ಹಿಡಿಯಿತು. ವಿಧಾನ ಪರಿಷತ್ತಿಗೆ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿ ನಾಮಕರಣಗೊಂಡದ್ದು 2020ರಲ್ಲಿ. ಈ ನಿಧಾನದ ನಡಿಗೆಗೇನಾದರೂ ಪದಕವಿದ್ದಿದ್ದರೆ ಸರ್ಕಾರವೇ ಗೆಲ್ಲುತ್ತಿತ್ತು. ಈಗ ಮುಂಡಗೋಡದ ಕಡೆ ‘ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್’ ಎಂಬ ಸಂಸ್ಥೆ ಸಿದ್ದಿ, ಗೌಳಿ ಮಕ್ಕಳನ್ನು ಓಡಿಸುತ್ತಿದೆ. ಅದು ಸರ್ಕಾರದ್ದಲ್ಲ, ಹಾಗಾಗಿ ಬಾಳಿಕೆ ಬಂದೀತು.

ಇಂಥ ಆವಿಷ್ಕಾರದ ಹುಚ್ಚು ಆಗಾಗ ಮರುಕಳಿಸುತ್ತದೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದರು, ಬೋಲ್ಟ್ ಸೋತ ಎಂದರು, ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಟ್ರಯಲ್ಸಿಗೆ ಕರೆದರು. ಗೌಡನೊಬ್ಬನೇ ವಿವೇಕಿ. ಎಳೆದದ್ದು ಕೋಣ, ಓಡಿದ್ದು ಕೆಸರಿನಲ್ಲಿ, ಸ್ಪೈಕ್ಸ್ ಹಾಕಿ ಟ್ರ್ಯಾಕಿನಲ್ಲಿ ಓಡುವುದು ಬೇರೆಯೇ ವಿದ್ಯೆ ಎಂದು ತಿಳಿದು ಟ್ರಯಲ್ಸಿನಿಂದ ಹಿಂದೆ ಸರಿದ. ಕರೆದವರ ಅವಸರ ನೋಡಿ. ಹತ್ತು ವರ್ಷ ಸಾಕಿ ಬೆಳೆಸುವ ರೇಜಿಗೆಯೇ ಇಲ್ಲ, ಸಿದ್ಧವಾದ ಬೋಲ್ಟ್ ಗದ್ದೆಯಲ್ಲಿ ಸಿಕ್ಕಿದ್ದ!

ಅದೇ ಹತ್ತು ವರ್ಷ ಸ್ವಂತ ಖರ್ಚಿನಲ್ಲಿ ಬೆಳೆದು, ವಿಶ್ವಕಪ್ ಗೆದ್ದು ಬಂದವರಿಗೆ ಏನು ಸಿಕ್ಕಿತು? 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್. ಪುರುಷರೂ ಮಹಿಳೆಯರೂ ಗೆದ್ದರು. ಗೆದ್ದ ತಂಡಗಳಲ್ಲಿ ನಮ್ಮ ಎಂ.ಕೆ. ಗೌತಮ್ ಇದ್ದರು, ಮೈಸೂರು ಜಿಲ್ಲೆ ಕುರುಬೂರಿನ ಬಿ. ಚೈತ್ರಾ ಇದ್ದರು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ, ಜೊತೆಗೆ ನೌಕರಿ ಎಂದಿತು. ಕರ್ನಾಟಕ 5 ಲಕ್ಷ ಎಂದಿತು. ಇಬ್ಬರೂ ಬೇಡ ಎಂದರು. ನಾನು ಓದಿದ ಕ್ರೀಡಾ ಪುಟದ ಸುದ್ದಿಗಳಲ್ಲಿ ಆ ವರ್ಷದ ಅತ್ಯುತ್ತಮ ಡೈವ್ ಅದೇ. ಐದೇ ತಿಂಗಳಲ್ಲಿ ಐಪಿಎಲ್ ಗೆದ್ದ ಆರ್‌ಸಿಬಿಗೆ ವಿಧಾನಸೌಧದ ಮೆಟ್ಟಿಲ ಮೇಲೇ ಸನ್ಮಾನ. ಆಗ ಮದ್ಯದ ಕಂಪನಿಯೊಂದರ ಒಡೆತನದಲ್ಲಿದ್ದ ತಂಡಕ್ಕೆ ರಾಜ್ಯದ ರಾಜಮರ್ಯಾದೆ. ಸೆಲ್ಫಿಗೆ ನುಗ್ಗಿದ ಗಣ್ಯರಿಂದ ಆಟಗಾರರನ್ನು ಬಿಡಿಸುವುದೇ ಕಷ್ಟವಾಯಿತು. ಅದೇ ಜೂನ್ 4ರ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಆ ಸಾಲಿನ ಮುಂದೆ ಬರೆಯಲು ನನ್ನಲ್ಲಿ ತಮಾಷೆಯಿಲ್ಲ.

ನಮ್ಮದು ಮಾತ್ರ ಹೀಗೆ ಎಂದು ಕೊರಗುವವರಿಗೆ ಐರ್ಲೆಂಡಿನ ಕಡೆ ನೋಡಲು ಹೇಳುತ್ತೇನೆ. ಅಲ್ಲಿ ಊರೂರಿನ ಹರ್ಲಿಂಗ್, ಗೇಲಿಕ್ ಫುಟ್ಬಾಲ್ ಆಟಗಾರರು ಇಂದಿಗೂ ಸಂಬಳವಿಲ್ಲದೆ ಆಡುತ್ತಾರೆ, ಎಂಬತ್ತೆರಡು ಸಾವಿರ ಜನ ಹಿಡಿಸುವ ಕ್ರೋಕ್ ಪಾರ್ಕ್ ತುಂಬಿಸುತ್ತಾರೆ. ಬಜೆಟ್ಟಿನ ದೊಡ್ಡ ಗಂಟು ಹೋಗುವುದು ಮಾತ್ರ ಕುದುರೆಗೂ ನಾಯಿಗೂ. 2001ರ ಕಾಯ್ದೆಯಂತೆ ಅದಕ್ಕೆಂದೇ ಒಂದು ನಿಧಿ, ನೂರರಲ್ಲಿ ಎಂಬತ್ತು ಕುದುರೆ ಜೂಜಿನ ಸಂಸ್ಥೆಗೆ, ಇಪ್ಪತ್ತು ಗ್ರೇಹೌಂಡ್ ನಾಯಿಗಳಿಗೆ. 2025ಕ್ಕೆ 9.91 ಕೋಟಿ ಯೂರೋ, ನಮ್ಮ ದುಡ್ಡಿನಲ್ಲಿ ಒಂಬೈನೂರು ಕೋಟಿಯ ಆಸುಪಾಸು. ನೂರಾ ನಲವತ್ತು ಕೋಟಿ ಜನರ ನಮ್ಮ ದೇಶ ಅದೇ ವರ್ಷ ‘ಖೇಲೋ ಇಂಡಿಯಾ’ಕ್ಕೆ ತೆಗೆದಿಟ್ಟದ್ದು ಸಾವಿರ ಕೋಟಿ. ಸಿದ್ದಿಗಳ ಹುಡುಗಿ ಡಬ್ಲಿನ್ನಿನಲ್ಲಿ ನಾಯಿಯಾಗಿ ಹುಟ್ಟಿದ್ದರೆ ಅವಳ ಓಟಕ್ಕೆ ಕಾಯ್ದೆಬದ್ಧ ಪಾಲು ಸಿಗುತ್ತಿತ್ತು. ಅಲ್ಲಿಯೂ ಕ್ರೀಡಾ ಸಚಿವರ ಸ್ವಂತ ಕ್ಷೇತ್ರದ ಮೇಲೆ ಅನುದಾನದ ಮಳೆ ಸ್ವಲ್ಪ ಜಾಸ್ತಿ. 2017ರಲ್ಲಿ ಸಚಿವ ಶೇನ್ ರಾಸ್ ಅವರ ಕ್ಷೇತ್ರದ, ದುಬಾರಿ ಶುಲ್ಕದ ಖಾಸಗಿ ಶಾಲೆಗೆ ಒಂದೂವರೆ ಲಕ್ಷ ಯೂರೋ ಸಿಕ್ಕಿ ಗದ್ದಲವಾಗಿತ್ತು. ಒಂದು ವ್ಯತ್ಯಾಸವುಂಟು. ಅವರ ಪ್ರಧಾನಿಯಾಗಿದ್ದ ಜ್ಯಾಕ್ ಲಿಂಚ್ ರಾಜಕೀಯಕ್ಕೆ ಬರುವ ಮೊದಲು, 1941ರಿಂದ 46ರವರೆಗೆ, ಹರ್ಲಿಂಗ್ ಮತ್ತು ಫುಟ್ಬಾಲಿನಲ್ಲಿ ಸತತ ಆರು ರಾಷ್ಟ್ರೀಯ ಪದಕ ಗೆದ್ದಿದ್ದ. ಅಲ್ಲಿ ಆಡಿದವರು ನಾಯಕರಾಗುತ್ತಾರೆ. ಇಲ್ಲಿ ನಾಯಕರಾದವರು ಆಡಳಿತ ಮಂಡಳಿಯ ಅಧ್ಯಕ್ಷರಾಗುತ್ತಾರೆ.

ಕುದುರೆ, ನಾಯಿ, ಹೋರಿ, ಕೋಣ, ಐಪಿಎಲ್ ತಂಡ. ಎಲ್ಲಕ್ಕೂ ಒಬ್ಬ ಮಾಲೀಕನಿದ್ದಾನೆ. ಮಾಲೀಕ ಬಂದು ಸಾಹೇಬರ ಮುಂದೆ ಕೂರಬಲ್ಲ, ಫೋನು ಮಾಡಬಲ್ಲ, ಚುನಾವಣೆಗೆ ಆದೀತು. ಯಲ್ಲಾಪುರದ ಕಾಡಂಚಿನಿಂದ ಬರುವ ಹುಡುಗಿಗೆ ಯಾರು ಮಾಲೀಕರು?

ಹಾಗೆಂದು ದುಡ್ಡಿಲ್ಲವೇ? ಶಾಸಕರೊಬ್ಬರಿಗೆ ಸ್ಥಳೀಯ ಅಭಿವೃದ್ಧಿ ನಿಧಿಯೇ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ. ಅದರಲ್ಲಿ ಕ್ರೀಡೆಗೆ ಬಂದದ್ದು ಬಹುಪಾಲು ಓಪನ್ ಜಿಮ್ ಆಗಿ ಅವತರಿಸುತ್ತದೆ. ಹಳದಿ–ನೀಲಿ ಬಣ್ಣದ ಕಬ್ಬಿಣ, ಅದರ ಮೇಲೆ ದಾನಿಗಳ ಹೆಸರಿನ ಫಲಕ. ನಮ್ಮ ಮಳೆಗೆ ಎರಡನೇ ವರ್ಷ ಕಬ್ಬಿಣ ತುಕ್ಕು ಹಿಡಿಯುತ್ತದೆ. ಫಲಕ ಸ್ಟೇನ್‌ಲೆಸ್ ಸ್ಟೀಲಿನದು.

ಬರಿ ಟೀಕೆ ಮಾಡಬಾರದು, ಪರಿಹಾರ ಕೊಡಬೇಕು ಎಂದು ಹಿರಿಯರು ಹೇಳುತ್ತಾರೆ. ನನ್ನದೊಂದು ನಕ್ಷೆ ಇದೆ. ನಾನೂರು ಮೀಟರಿನ ಟ್ರ್ಯಾಕ್ ಮಾಡುವುದು, ವೇದಿಕೆಯನ್ನು ಅದರ ನಟ್ಟನಡುವೆ ಕಟ್ಟುವುದು. ಓಟಗಾರ ಎತ್ತ ಓಡಿದರೂ ಸಾಹೇಬರ ಸುತ್ತಲೇ ಓಡಬೇಕು, ಬೆನ್ನು ಹಾಕುವ ಪ್ರಶ್ನೆಯೇ ಬರುವುದಿಲ್ಲ. ನೂರು ಮೀಟರನ್ನು ಕೈಬಿಟ್ಟು ಹತ್ತು ಸಾವಿರ ಮೀಟರಿಗೆ ಒತ್ತು ಕೊಡುವುದು. ಇಪ್ಪತ್ತೈದು ಸುತ್ತು, ಸುತ್ತಿಗೊಂದು ನಮಸ್ಕಾರ, ಎಂಥ ವೇಗದ ಹುಡುಗಿಗೂ ಅರ್ಧ ಗಂಟೆಯ ಆಸುಪಾಸು. ಅಷ್ಟರಲ್ಲಿ ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ನಾಲ್ಕು ಸನ್ಮಾನ, ಒಂದು ಅಧ್ಯಕ್ಷ ಭಾಷಣ ಆರಾಮವಾಗಿ ಮುಗಿಯುತ್ತದೆ. ಕೊನೆಯ ಸುತ್ತಿನ ಗಂಟೆಯನ್ನೂ ಸಾಹೇಬರೇ ಬಾರಿಸಬಹುದು. ಪರಿಚಯದ ಗುತ್ತಿಗೆದಾರರೊಬ್ಬರಿಗೆ ತೋರಿಸಿದೆ, ಬಹಳ ಮೆಚ್ಚಿ ಮರುದಿನವೇ ಎಸ್ಟಿಮೇಟ್ ತಂದರು. ಮೊದಲ ಹಂತದಲ್ಲಿ ವೇದಿಕೆ, ಛಾವಣಿ, ಗಣ್ಯರ ವಾಹನ ನಿಲುಗಡೆ. ಟ್ರ್ಯಾಕ್ ಎರಡನೇ ಹಂತದಲ್ಲಿ, ಅನುದಾನದ ಲಭ್ಯತೆ ನೋಡಿಕೊಂಡು.